ಸಾಕಿದ ಹಾವು ನೀರಿನ ಬಟ್ಟಲು ಬಿಟ್ಟು ಬರುತ್ತಿಲ್ಲ, ಯಾಕೆ?

ಪ್ರಶ್ನೆ: ನನ್ನ ಬಾಲ್ ಪೈಥಾನ್ ಮೊದಲೆಲ್ಲ ನೀರು ಕುಡಿಯೋಕೆ ಮಾತ್ರ ಬಟ್ಟಲ ಹತ್ತಿರ ಬರುತ್ತಿತ್ತು. ಈಗ ಕೆಲವು ದಿನಗಳಿಂದ ಅದರಲ್ಲೇ ಸುರುಳಿ ಸುತ್ತಿಕೊಂಡು ಕೂತಿದೆ. ಬಟ್ಟಲು ತೆಗೆದುಬಿಡಲಾ?

ಉತ್ತರ: ಬೇಡ. ನೀರು ತೆಗೆದರೆ ಹಾವಿನ ಕಷ್ಟ ಹೋಗುವುದಿಲ್ಲ, ನಮ್ಮ ಕಣ್ಣಿಗೆ ಕಾಣುವುದು ನಿಲ್ಲುತ್ತದೆ ಅಷ್ಟೆ. ಕುಡಿಯುವ ನೀರೂ ತಪ್ಪುತ್ತದೆ.

ಮೊದಲು ಹಾವಿನ ಕಣ್ಣು ನೋಡಿ. ಹಾಲು ಬೆರೆಸಿದ ಹಾಗೆ ನೀಲಿಯಾಗಿ ಮಸುಕಾಗಿದ್ದು, ಮೈಬಣ್ಣವೂ ಮಂಕಾಗಿದ್ದರೆ ಪೊರೆ ಬಿಡುವ ಕಾಲ ಬಂದಿದೆ. ಆಗ ನೀರಿಗೆ ಇಳಿಯುವುದು ಮಾಮೂಲು. ಕಣ್ಣು ಮತ್ತೆ ತಿಳಿಯಾಗಿ, ಕೆಲವು ದಿನದಲ್ಲಿ ಪೊರೆ ಕಳಚುತ್ತದೆ.

ಪೊರೆಯ ಸುಳಿವೇ ಇಲ್ಲದಿದ್ದರೆ ನನಗೆ ಮೊದಲು ಬರುವ ಅನುಮಾನ ನುಸಿಯ ಮೇಲೆ. ಹಾವಿನ ರಕ್ತ ಹೀರುವ ಈ ನುಸಿ ಗಸಗಸೆ ಕಾಳಿಗಿಂತ ದೊಡ್ಡದಲ್ಲ. ಹುರುಪೆಗಳ ಸಂದಿಯಲ್ಲಿ ಸೇರಿಕೊಳ್ಳುತ್ತದೆ. ಕಡಿತ ತಾಳಲಾರದೆ ಹಾವು ನೀರಿಗೆ ಇಳಿಯುತ್ತದೆ. ಒಂದಷ್ಟು ನುಸಿ ಮುಳುಗಿ ಸಾಯುತ್ತವೆ, ಉಳಿದವು ನೀರಿನ ಮೇಲಿರುವ ತಲೆಯ ಕಡೆ ಓಡುತ್ತವೆ. ಹಾಗಾಗಿ ಬಟ್ಟಲ ನೀರು ಸುಮ್ನೆ ಚೆಲ್ಲಬೇಡಿ. ತಳದಲ್ಲಿ ಕರಿ ಚುಕ್ಕೆಗಳಿವೆಯಾ ನೋಡಿ. ಕಣ್ಣಿನ ಸುತ್ತ, ಗದ್ದದ ಕೆಳಗಿನ ಗೀರಿನಲ್ಲಿ ಟಾರ್ಚ್ ಬಿಡಿ. ಒದ್ದೆ ಮಾಡಿದ ಬಿಳಿ ಟಿಶ್ಯೂವನ್ನು ಮೈಮೇಲೆ ಮೆಲ್ಲಗೆ ಎಳೆಯಿರಿ. ಅದರ ಮೇಲೆ ಕರಿ ಚುಕ್ಕೆ ಹರಿದಾಡಿದರೆ, ಇಲ್ಲವೇ ಒತ್ತಿದಾಗ ಕೆಂಪು ಕಲೆಯಾದರೆ ಅನುಮಾನವೇ ಬೇಡ.

ನುಸಿ ಮೊಟ್ಟೆ ಇಡುವುದು ಹಾವಿನ ಮೈಮೇಲಲ್ಲ, ಹಾವನ್ನು ಇಟ್ಟಿರುವ ಪೆಟ್ಟಿಗೆಯ ಸಂದಿಗೊಂದಿಗಳಲ್ಲಿ. ಅದಕ್ಕೇ ಬರೀ ಸ್ನಾನ ಮಾಡಿಸಿದರೆ ಸಾಲದು. ಹಾಸು ಪೂರ್ತಿ ಎಸೆದು, ಪೆಟ್ಟಿಗೆ ತೊಳೆದು, ಸದ್ಯಕ್ಕೆ ಬಿಳಿ ಕಾಗದ ಹಾಸಿ. ಮನೆಯಲ್ಲಿರುವ ಜಿರಳೆ ಸ್ಪ್ರೇ ಹೊಡೆಯುವ ಸಾಹಸ ಮಾತ್ರ ಬೇಡ, ನುಸಿಗಿಂತ ಮೊದಲು ಹಾವೇ ಹೋದೀತು. ಔಷಧಿ ಯಾವುದು, ಎಷ್ಟು ಅನ್ನುವುದನ್ನು ಹಾವುಗಳನ್ನು ನೋಡಿ ಗೊತ್ತಿರುವ ಪಶುವೈದ್ಯರೇ ಹೇಳಲಿ. ಮನೆಯಲ್ಲಿ ಬೇರೆ ಹಾವುಗಳಿದ್ದರೆ ಅವನ್ನೂ ಪರೀಕ್ಷಿಸಿ. ಒಂದನ್ನು ಮುಟ್ಟಿದ ಕೈಯಲ್ಲೇ ಇನ್ನೊಂದನ್ನು ಮುಟ್ಟಬೇಡಿ.

ನುಸಿ ಇಲ್ಲವಾ? ಹಾಗಾದರೆ ಸೆಕೆ ಇರಬಹುದು. ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಬೆಚ್ಚಗಿನ ಬದಿಯಲ್ಲಿ ಸುಮಾರು 31–33 ಡಿಗ್ರಿ ಸೆಲ್ಸಿಯಸ್, ತಂಪು ಬದಿಯಲ್ಲಿ 24–27 ಡಿಗ್ರಿ ಸಾಕು. ತಂಪು ಬದಿಯೂ ಕಾದಿದ್ದರೆ ಹಾವಿಗೆ ಉಳಿಯುವ ಜಾಗ ನೀರು ಒಂದೇ, ಅಲ್ವಾ? ಕೈಯಿಟ್ಟು ಅಂದಾಜು ಮಾಡಬೇಡಿ, ಎರಡೂ ಬದಿಗೆ ಥರ್ಮಾಮೀಟರ್ ಇಡಿ. ಪೆಟ್ಟಿಗೆ ಬೆಚ್ಚಗಿಡುವ ಹೀಟ್ ಮ್ಯಾಟ್‌ಗೆ ಶಾಖವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಇಲ್ಲದಿದ್ದರೆ ಇವತ್ತೇ ಹಾಕಿಸಿ.

ಪೆಟ್ಟಿಗೆಯ ಗಾಳಿ ತೀರಾ ಒಣಗಿದ್ದರೂ ಹೀಗೇ ಆಗುತ್ತದೆ. ತೇವಾಂಶ ಶೇಕಡ 60ರ ಆಸುಪಾಸು ಇರಲಿ. ಇನ್ನು ಕೆಲವು ಹಾವುಗಳಿಗೆ ನೀರಿನ ಮೇಲೆ ಮೋಹವೇನೂ ಇರುವುದಿಲ್ಲ, ಬಚ್ಚಿಟ್ಟುಕೊಳ್ಳಲು ಬೇರೆ ಜಾಗವಿಲ್ಲದೆ ಬಟ್ಟಲು ಸೇರುತ್ತವೆ. ಮೈ ಒತ್ತಿಕೊಂಡು ಕೂರುವಷ್ಟು ಇಕ್ಕಟ್ಟಾದ ಗೂಡನ್ನು ಎರಡೂ ಬದಿಗೆ ಒಂದೊಂದು ಇಟ್ಟು ನೋಡಿ. ಮೊಟ್ಟೆ ಹೊತ್ತ ಹೆಣ್ಣು, ಮಲಬದ್ಧತೆಯಾದ ಹಾವು ಕೂಡ ನೀರು ಹುಡುಕುವುದುಂಟು.

ಕಾರಣ ಸಿಗುವವರೆಗೆ ನೀರನ್ನು ದಿನಾ ಬದಲಿಸಿ. ಹಾವು ಅದರಲ್ಲೇ ಹೇತಿದ್ದರೆ ತಕ್ಷಣ. ಕೊಳಕು ನೀರಲ್ಲಿ ಜಾಸ್ತಿ ಹೊತ್ತು ನೆಂದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಅಲ್ಲಿ ಕೆಂಪು, ಕಂದು ಕಲೆಯೋ ಗುಳ್ಳೆಯೋ ಕಂಡರೆ, ಬಾಯಿ ತೆರೆದು ಉಸಿರಾಡಿದರೆ, ಮೂಗಲ್ಲಿ ನೊರೆ ಬಂದರೆ ಪೆಟ್ಟಿಗೆ ಸರಿಪಡಿಸುತ್ತಾ ಕೂರಬೇಡಿ, ನೇರ ವೈದ್ಯರ ಹತ್ತಿರ ಒಯ್ಯಿರಿ.