ಕೈ ತೊಳೆಯಲು ನೀರೇ ಇರಲಿಲ್ಲ: ನವಾಹೋ ನಾಡಿನ ಕೋವಿಡ್ ಹಿನ್ನೆಲೆ

2020ರ ಮೇ ತಿಂಗಳಲ್ಲಿ ಅಮೆರಿಕದ ಮೂಲನಿವಾಸಿ ನವಾಹೋ ಬುಡಕಟ್ಟಿನ ಸ್ವಯಮಾಡಳಿತದ ನಾಡಾದ ನವಾಹೋ ನೇಷನ್‌ನ ತಲಾವಾರು ಕೋವಿಡ್ ಸೋಂಕು ನ್ಯೂಯಾರ್ಕ್ ರಾಜ್ಯವನ್ನೂ ಮೀರಿತು. ಇದು ಕಿಕ್ಕಿರಿದ ಊರಲ್ಲ. ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ರಾಜ್ಯಗಳಲ್ಲಿ ಚಾಚಿಕೊಂಡ ಸುಮಾರು 70,000 ಚದರ ಕಿಲೋಮೀಟರ್ ಒಣ ನೆಲ. ಮನೆಗಳು ದೂರ ದೂರ.

ಸಕ್ಕರೆ ಕಾಯಿಲೆ ಜಾಸ್ತಿ, ಅದಕ್ಕೇ ಸಾವೂ ಜಾಸ್ತಿ ಎಂದು ಆಗ ಹಲವರು ಹೇಳಿದರು. ಅದು ಸುಳ್ಳಲ್ಲ. ಆದರೆ ಕಾಯಿಲೆ ಸುಮ್ನೆ ಬರುವುದಿಲ್ಲ ಅಲ್ವಾ? ಅಷ್ಟು ದೊಡ್ಡ ನಾಡಿಗೆ ಇದ್ದ ದಿನಸಿ ಮಳಿಗೆಗಳು ಸುಮಾರು 13. ಮೂರರಲ್ಲೊಂದು ಮನೆಗೆ ನಲ್ಲಿ ನೀರಿಲ್ಲ. ಅಂಥವರು ಪಿಕಪ್ ಗಾಡಿಯಲ್ಲಿ ಡ್ರಮ್ ಇಟ್ಟುಕೊಂಡು ಹೋಗಿ ನೀರು ತುಂಬಿಸಿ ತರಬೇಕು. ಇಪ್ಪತ್ತು ಸೆಕೆಂಡ್ ಕೈ ತೊಳೆಯಿರಿ ಎಂಬ ಸಲಹೆ ಈ ಮನೆಗಳಿಗೂ ಬಂತು. ಅಜ್ಜಿ, ಮಕ್ಕಳು, ಮೊಮ್ಮಕ್ಕಳೆಲ್ಲ ಒಂದೇ ಸೂರಿನಡಿ ಇರುವಾಗ ಸೋಂಕಿತರನ್ನು ಬೇರೆ ಇಡುವುದಾದರೂ ಎಲ್ಲಿ?

ಇದರ ಬೇರು ಹಳೆಯದು. 1864ರಲ್ಲಿ ಸೈನ್ಯ ಈ ಜನರನ್ನು ನೂರಾರು ಮೈಲಿ ನಡೆಸಿ ಹೊರಗಟ್ಟಿತು. ಅಮೆರಿಕ ಸರ್ಕಾರದ ಜೊತೆ ಆದ 1868ರ ಒಪ್ಪಂದದಿಂದ ನೆಲದ ಒಂದು ಭಾಗ ಮರಳಿ ಸಿಕ್ಕಿತು, ನೀರು ತಲುಪಿಸುವ ಹೊಣೆ ಯಾರದೆಂದು ಮಾತ್ರ ಅದರಲ್ಲಿ ಬರೆಯಲಿಲ್ಲ. 1918ರ ಫ್ಲೂ ಸಾವಿರಾರು ಜನರನ್ನು ಬಲಿ ಪಡೆಯಿತು. 1922ರಲ್ಲಿ ಏಳು ರಾಜ್ಯಗಳು ಕೊಲೊರಾಡೊ ನದಿಯನ್ನು ಹಂಚಿಕೊಳ್ಳುವಾಗ ಬುಡಕಟ್ಟುಗಳಿಗೆ ಕರೆಯೇ ಇರಲಿಲ್ಲ. 1944ರಿಂದ 1986ರವರೆಗೆ ಯುರೇನಿಯಂ ಅಗೆದರು. ಪಾಳುಬಿದ್ದ 500ಕ್ಕೂ ಹೆಚ್ಚು ಗಣಿಗಳು ಉಳಿದವು, ಕೆಲವು ಕಡೆ ಬಾವಿ ನೀರೂ ಕೆಟ್ಟಿತು. ಇಂಥ ಒಪ್ಪಂದಗಳ ಮೇಲೆ ನಿಂತ, ಬುಡಕಟ್ಟುಗಳಿಗಾಗಿ ಇರುವ ಸರ್ಕಾರಿ ಆರೋಗ್ಯ ಸೇವೆಗೆ ಹಣ ಸದಾ ಕಡಿಮೆ. ತಲಾ ಖರ್ಚು ದೇಶದ ಸರಾಸರಿಯ ಅರ್ಧವೂ ಇಲ್ಲ.

2020ರ ಮಾರ್ಚ್‌ನಲ್ಲಿ ಜನ ಯಾರಿಗೂ ಕಾಯಲಿಲ್ಲ. ನವಾಹೋ ನೇಷನ್‌ನ ಮಾಜಿ ಅಟಾರ್ನಿ ಜನರಲ್ ಎಥೆಲ್ ಬ್ರಾಂಚ್ ಆನ್‌ಲೈನ್‌ನಲ್ಲಿ ಒಂದು ಪರಿಹಾರ ನಿಧಿ ಶುರು ಮಾಡಿದರು. ನೆರೆಯ ಹೋಪಿ ಬುಡಕಟ್ಟಿನ ಜನರೂ ಅದರಲ್ಲಿದ್ದರು, ಮುಂದೆ ನಿಂತವರು ಹೆಚ್ಚಾಗಿ ಹೆಂಗಸರು. ಲೆಕ್ಕ ಸರಳವಾಗಿತ್ತು. ವಯಸ್ಸಾದವರು ಅಂಗಡಿಗೆ ಹೋಗಬೇಕಾಗಿ ಬರಬಾರದು, ಹಾಗಾಗಿ ದಿನಸಿ, ನೀರು, ಮಾಸ್ಕ್ ಅವರಿಗೇ ತಲುಪಬೇಕು. ಯಾವ ಮಣ್ಣಿನ ರಸ್ತೆಯ ಕೊನೆಯಲ್ಲಿ ಯಾವ ಅಜ್ಜಿ ಒಬ್ಬರೇ ಇದ್ದಾರೆ ಎಂಬುದು ಊರವರಿಗೆ ಗೊತ್ತಿರುತ್ತದೆ. ಅದು ಯಾವ ಕಚೇರಿಯ ಕಡತದಲ್ಲೂ ಸಿಗುವುದಿಲ್ಲ. 1968ರಿಂದಲೇ ಇದ್ದ ಸಮುದಾಯ ಆರೋಗ್ಯ ಕಾರ್ಯಕರ್ತರು ನವಾಹೋ ಭಾಷೆಯಲ್ಲೇ ವಿಷಯ ತಿಳಿಸಿದರು.

ಐರ್ಲೆಂಡ್‌ನಿಂದಲೂ ಹಣ ಹರಿದು ಬಂತು. 1847ರ ಬರಗಾಲದಲ್ಲಿ ಚಾಕ್ಟಾ ಎಂಬ ಇನ್ನೊಂದು ಬುಡಕಟ್ಟು ಐರಿಷ್ ಜನರಿಗೆ 170 ಡಾಲರ್ ಕಳಿಸಿತ್ತು. ಆ ಋಣವನ್ನು ಅವರು ಮರೆತಿರಲಿಲ್ಲ. ಇತ್ತ ಬುಡಕಟ್ಟುಗಳಿಗೆ ಮೀಸಲಾದ ಫೆಡರಲ್ ನೆರವು ತಡವಾಯಿತು, ವಿಷಯ ಕೋರ್ಟ್ ಮೆಟ್ಟಿಲೇರಿತು. ಬಡ ದೇಶಗಳಿಗೆ ಹೋಗುವ ಡಾಕ್ಟರ್ಸ್ ವಿತೌಟ್ ಬಾರ್ಡರ್ಸ್ ತಂಡ ಅಮೆರಿಕದೊಳಗಿನ ಈ ನೆಲಕ್ಕೆ ಬರಬೇಕಾಯಿತು ಅಂದರೆ ನೋಡಿ.

ಲಸಿಕೆ ಬಂದಾಗ ನವಾಹೋ ಜನ ದೇಶದ ಸರಾಸರಿಗಿಂತ ಮುಂದಿದ್ದರು. ಹಿರಿಯರು ಉಳಿದರೆ ಭಾಷೆ ಉಳಿಯುತ್ತದೆ ಎಂಬ ಮಾತು ಅಲ್ಲಿ ಎಲ್ಲರಿಗೂ ನಾಟಿತ್ತು.

ನೀರಿನ ಪ್ರಶ್ನೆ ಮಾತ್ರ ಹಾಗೇ ಇದೆ. 1868ರ ಒಪ್ಪಂದದ ಪ್ರಕಾರ ನೀರು ಒದಗಿಸಲು ಸರ್ಕಾರ ಕ್ರಮ ಕೈಗೊಳ್ಳಬೇಕಾಗಿಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಹೇಳಿತು. 2024ರಲ್ಲಿ ನವಾಹೋ ಮಂಡಳಿ ಅರಿಜೋನಾದ ನೀರಿನ ಹಕ್ಕುಗಳ ಬಗ್ಗೆ ಒಂದು ರಾಜಿ ಒಪ್ಪಂದಕ್ಕೆ ಒಪ್ಪಿತು. ಪೈಪ್‌ಲೈನ್‌ಗಳಿಗೆ ಬೇಕಾದ ಸುಮಾರು 500 ಕೋಟಿ ಡಾಲರ್ ಮಂಜೂರು ಮಾಡಬೇಕಾದದ್ದು ಅಮೆರಿಕದ ಸಂಸತ್ತು.