ರೋಗಿಯ ಉಸಿರಿನಿಂದಲೇ ನಡೆಯುತ್ತಿದ್ದ ಈಥರ್ ಯಂತ್ರ

1937ರಲ್ಲಿ ರಾಬರ್ಟ್ ಮ್ಯಾಕಿಂಟಾಷ್ ಎಂಬ ವೈದ್ಯರು ಅಂತರ್ಯುದ್ಧ ನಡೆಯುತ್ತಿದ್ದ ಸ್ಪೇನಿಗೆ ಹೋದರು. ಮುಖಕ್ಕೆ ಗಾಯವಾದ ಸೈನಿಕರ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವುದು ಅವರ ಕೆಲಸ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಅವರು ಅದೇ ವರ್ಷ ಆಕ್ಸ್‌ಫರ್ಡ್‌ನಲ್ಲಿ ಅರಿವಳಿಕೆ ಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿದ್ದರು. ಇಂಗ್ಲೆಂಡಿನಲ್ಲಿ ಕೈಗೆಟುಕುತ್ತಿದ್ದ ಗ್ಯಾಸ್ ಸಿಲಿಂಡರುಗಳಾಗಲಿ ಯಂತ್ರಗಳಾಗಲಿ ಅಲ್ಲಿರಲಿಲ್ಲ. ತೂತು ಕೊರೆದ ತಗಡಿನ ಡಬ್ಬಿಗೆ ಈಥರ್ ಎಂಬ, ಬೇಗ ಆವಿಯಾಗುವ ಅರಿವಳಿಕೆ ದ್ರವ ಸುರಿದು, ಅದರ ಮೂಲಕ ರೋಗಿ ಉಸಿರೆಳೆದುಕೊಳ್ಳುವಂತೆ ಮಾಡಬೇಕಿತ್ತು. ಕೆಲಸವೇನೋ ನಡೆಯುತ್ತಿತ್ತು. ಆದರೆ ಒಳಗೆ ಹೋದ ಈಥರ್ ಎಷ್ಟೆಂದು ಹೇಳುವ ದಾರಿಯೇ ಇರಲಿಲ್ಲ.

ಮ್ಯಾಕಿಂಟಾಷ್ ಆಕ್ಸ್‌ಫರ್ಡ್‌ಗೆ ಮರಳಿ ಭೌತವಿಜ್ಞಾನ ಬಲ್ಲವರ ನೆರವು ಪಡೆದರು. ಅವರಲ್ಲಿ ಮುಖ್ಯರಾದವರು ಜರ್ಮನಿಯಿಂದ ಬಂದಿದ್ದ ಹಾನ್ಸ್ ಎಪ್‌ಸ್ಟೈನ್. 1941ರ ಹೊತ್ತಿಗೆ ಅವರ ಮೊದಲ ಯಂತ್ರ ಸಿದ್ಧವಾಯಿತು, ಯುದ್ಧಕಾಲದಲ್ಲಿ ಮಾರಿಸ್ ಕಾರು ಕಾರ್ಖಾನೆಯಲ್ಲಿ ತಯಾರಾಯಿತು. 1956ರಲ್ಲಿ ಅವರಿಬ್ಬರೂ ಪ್ರಕಟಿಸಿದ ಮುಂದಿನ ರೂಪವೇ ಇ.ಎಂ.ಓ. ಎಪ್‌ಸ್ಟೈನ್, ಮ್ಯಾಕಿಂಟಾಷ್, ಆಕ್ಸ್‌ಫರ್ಡ್ ಈ ಮೂರು ಹೆಸರುಗಳ ಮೊದಲಕ್ಷರ ಅದು.

ನೋಡಲಿಕ್ಕೆ ದುಂಡನೆಯ ಲೋಹದ ಪಾತ್ರೆ, ಮೇಲೆ 20 ಶೇಕಡಾದವರೆಗಿನ ಅಳತೆಪಟ್ಟಿ, ಅದರ ಮೇಲೆ ಸರಿಯುವ ಒಂದು ಹಿಡಿ, ಅಷ್ಟೆ. ಕರೆಂಟು ಬೇಡ, ಸಿಲಿಂಡರಿನ ಒತ್ತಡವೂ ಬೇಡ. ರೋಗಿ ಉಸಿರು ಎಳೆದುಕೊಂಡಾಗ ಕೋಣೆಯ ಗಾಳಿ ಪಾತ್ರೆಯೊಳಗೆ ನುಗ್ಗುತ್ತದೆ. ಒಂದಿಷ್ಟು ಗಾಳಿ ಈಥರಿನ ಮೇಲೆ ಹಾದು ಆವಿ ಹೊತ್ತು ಬರುತ್ತದೆ, ಉಳಿದದ್ದು ಪಕ್ಕದ ದಾರಿಯಲ್ಲಿ ಹಾಗೇ ಬಂದು ಅದರೊಂದಿಗೆ ಸೇರುತ್ತದೆ. ಯಾವ ದಾರಿಯಲ್ಲಿ ಎಷ್ಟು ಎಂಬುದನ್ನು ಹಿಡಿ ತೀರ್ಮಾನಿಸುತ್ತದೆ.

ಇಷ್ಟನ್ನು ಮಾಡುವುದು ಸುಲಭ. ತೊಡಕಿರುವುದು ಶಾಖದಲ್ಲಿ. ಇಂಜೆಕ್ಷನ್ನಿಗೆ ಮೊದಲು ತೋಳಿಗೆ ಸ್ಪಿರಿಟ್ ಒರೆಸಿದಾಗ ತಣ್ಣಗಾಗುತ್ತದಲ್ಲ, ಈಥರ್ ಆವಿಯಾಗುವಾಗಲೂ ಹಾಗೆಯೇ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ 7 ಲೀಟರ್ ಗಾಳಿ ಉಸಿರಾಡುವ ರೋಗಿಗೆ 10 ಶೇಕಡಾ ಈಥರ್ ಕೊಡಬೇಕಾದರೆ ನಿಮಿಷಕ್ಕೆ ಸುಮಾರು 3 ಮಿಲಿಲೀಟರ್ ದ್ರವ ಆವಿಯಾಗಬೇಕು. ಅದಕ್ಕೆ ಬೇಕಾದ ಶಾಖ ಸುಮಾರು 750 ಜೂಲ್. ಪಾತ್ರೆಯಲ್ಲಿ 450 ಮಿಲಿಲೀಟರ್ ಈಥರ್ ಮಾತ್ರ ಇದ್ದು ಹೊರಗಿನಿಂದ ಶಾಖ ಬಾರದಿದ್ದರೆ, ನಿಮಿಷಕ್ಕೆ 1 ಡಿಗ್ರಿಯಂತೆ ಅದು ತಣ್ಣಗಾಗುತ್ತದೆ. ತಣ್ಣಗಾದಷ್ಟೂ ಆವಿ ಕಡಿಮೆ. ಹಿಡಿ 10ರಲ್ಲೇ ಇರುತ್ತದೆ, ರೋಗಿಗೆ ಅದಕ್ಕಿಂತ ಕಡಿಮೆ ಸಿಗುತ್ತದೆ, ಮೇಜಿನ ಮೇಲೆ ಕೊಸರಾಡತೊಡಗುತ್ತಾನೆ.

ಇದಕ್ಕೆ ಎಪ್‌ಸ್ಟೈನ್ ಎರಡು ಉಪಾಯ ಹೂಡಿದರು. ಮೊದಲನೆಯದು ಈಥರಿನ ಕೋಣೆಯನ್ನು ಸುತ್ತುವರಿದ ಸುಮಾರು 1.2 ಲೀಟರ್ ನೀರು. ಅದೇ 750 ಜೂಲ್ ಈಗ ನೀರಿಗೂ ಹಂಚಿಹೋಗುತ್ತದೆ. 1 ಡಿಗ್ರಿ ಇಳಿಯಲು ಏಳೆಂಟು ನಿಮಿಷ ಬೇಕು, ಅಷ್ಟರಲ್ಲಿ ಹೊರಗಿನ ಬಿಸಿಯೂ ಒಳಗಿಳಿಯುತ್ತದೆ. ಎರಡನೆಯದು ನನಗೆ ಇಡೀ ಯಂತ್ರದಲ್ಲೇ ಅತಿ ಸುಂದರವಾಗಿ ಕಾಣುವ ಭಾಗ. ಒಂದು ಪುಟ್ಟ ಲೋಹದ ತಿದಿಯೊಳಗೆ ಈಥರನ್ನೇ ತುಂಬಿ ಮುಚ್ಚಿಬಿಟ್ಟಿದ್ದಾರೆ. ತಣ್ಣಗಾದರೆ ತಿದಿ ಕುಗ್ಗಿ ಆವಿ ಹೊರಡುವ ಕವಾಟ ಹೆಚ್ಚು ತೆರೆಯುತ್ತದೆ, ಬೆಚ್ಚಗಾದರೆ ಹಿಗ್ಗಿ ಅದನ್ನು ಕಿರಿದು ಮಾಡುತ್ತದೆ. ಈಥರಿನ ಚಂಚಲತೆಯನ್ನು ಈಥರೇ ತಿದ್ದುತ್ತದೆ. ಯಾರೂ ಮುಟ್ಟಬೇಕಾಗಿಲ್ಲ.

ಈ ತಿದಿಗೂ ಒಂದು ಮಿತಿಯಿತ್ತು. ಯಂತ್ರದ ಶಾಖ ಸೂಚಕದಲ್ಲಿ ಕಪ್ಪು ಪಟ್ಟಿ ಕಂಡರೆ ಎಲ್ಲ ಸರಿ. ಕೆಂಪು ಕಂಡರೆ ಒಳಗೆ 32 ಡಿಗ್ರಿ ದಾಟಿದೆ, ಹಿಡಿ ತೋರಿಸುವುದಕ್ಕಿಂತ ಹೆಚ್ಚು ಈಥರ್ ಹೋಗುತ್ತಿದೆ ಎಂದರ್ಥ. ಆಗ ನೀರು ತೆಗೆದು ತಣ್ಣೀರು ತುಂಬಬೇಕು. ಈಥರ್ ಕುದಿಯುವುದೇ ಸುಮಾರು 35 ಡಿಗ್ರಿಯಲ್ಲಿ. ಆಫ್ರಿಕಾದ ಹಾಗೂ ನಮ್ಮ ದೇಶದ ಸಣ್ಣ ಆಸ್ಪತ್ರೆಗಳೂ ಇದನ್ನು ಬಳಸಿದವು. ಅಂಥ ಕಡೆ ಬೇಸಿಗೆಯಲ್ಲಿ ಆ ಕೆಂಪು ಪಟ್ಟಿಯ ಮೇಲೆ ಕಣ್ಣಿಡಲೇಬೇಕಿತ್ತು.

ಸಾಗಿಸುವಾಗ ಹಿಡಿಯನ್ನು ಮುಚ್ಚಿದ ಸ್ಥಾನಕ್ಕೆ ತಳ್ಳಿದರಾಯಿತು, ಈಥರ್ ಹೊರಗೆ ಚೆಲ್ಲದು. ಉಸಿರು ನಿಂತರೆ ಜೊತೆಗಿದ್ದ ದೊಡ್ಡ ತಿದಿಯನ್ನು ಕೈಯಿಂದ ಎತ್ತಿ ಇಳಿಸಿ ಶ್ವಾಸಕೋಶಕ್ಕೆ ಗಾಳಿ ತುಂಬಬಹುದಿತ್ತು. ಈಥರಿನ ಗುಣವೂ ಯಂತ್ರಕ್ಕೆ ಒದಗಿಬಂತು: ಮಿತವಾಗಿ ಕೊಟ್ಟಾಗ ಅದು ಉಸಿರನ್ನಾಗಲಿ ರಕ್ತದೊತ್ತಡವನ್ನಾಗಲಿ ಬೇಗ ಕುಗ್ಗಿಸುವುದಿಲ್ಲ. ಸ್ವತಃ ಉಸಿರಾಡುತ್ತಿರುವ ರೋಗಿಗೆ ಅಮಲು ಆಳವಾಗುತ್ತಾ ಹೋದರೆ ಉಸಿರು ಕಿರಿದಾಗಿ ಒಳಹೋಗುವ ಈಥರೂ ತಗ್ಗುತ್ತದೆ. ಒಬ್ಬನೇ ವೈದ್ಯನಿರುವ ಆಸ್ಪತ್ರೆಗೆ ಇದು ಸಣ್ಣ ಸೌಲಭ್ಯವಲ್ಲ.

ಆದರೆ ಈಥರ್ ಹೊತ್ತಿಕೊಳ್ಳುತ್ತದೆ, ಆಮ್ಲಜನಕ ಬೆರೆತರೆ ಸಿಡಿಯುತ್ತದೆ. ರಕ್ತ ನಿಲ್ಲಿಸಲು ವಿದ್ಯುತ್ ಕಾವು ಬಳಸುವ ಆಪರೇಷನ್ ಕೋಣೆಯಲ್ಲಿ ಅದಕ್ಕೆ ಜಾಗವಿಲ್ಲ. ಎಚ್ಚರ ಬರುವುದು ನಿಧಾನ, ಬಂದ ಮೇಲೆ ವಾಂತಿ. ಹೊತ್ತಿಕೊಳ್ಳದ ಹ್ಯಾಲೋಥೇನ್ ಎಂಬ ಅರಿವಳಿಕೆ ಮೊದಲು ರೋಗಿಗಳಿಗೆ ಸಿಕ್ಕಿದ್ದೂ 1956ರಲ್ಲೇ. ಅದಕ್ಕೆಂದು ಆಕ್ಸ್‌ಫರ್ಡ್ ಹೆಸರಿನದೇ ಪುಟ್ಟ ಯಂತ್ರ ಬಂತು. ನೀರಿಗೆ ಹೆಪ್ಪುಗಟ್ಟದ ದ್ರವ ಬೆರೆಸಿ ಅದರೊಳಗೆ ಮುಚ್ಚಲಾಗಿತ್ತು. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟಿಷ್ ಸೇನಾ ವೈದ್ಯರು ಗಾಯಾಳುಗಳಿಗೆ ಅರಿವಳಿಕೆ ಕೊಟ್ಟದ್ದು ಅದನ್ನು ಬಳಸಿಯೇ. ಅಲ್ಲೂ ಗಾಳಿಯನ್ನು ಆವಿಯ ಮೇಲೆ ಎಳೆದದ್ದು ರೋಗಿಯ ಉಸಿರು, ಇಲ್ಲವೇ ವೈದ್ಯರು ಕೈಯಿಂದ ಒತ್ತುತ್ತಿದ್ದ ಚೀಲ.