ಒಂದು ಕ್ಷೇತ್ರ, ಆರು ಶಾಸಕರು: 1909ರ ಟಾಸ್ಮೇನಿಯಾ ಫಲಿತಾಂಶದ ಹಿಂದಿನ ಕತೆ

ಹಳೇ ಚುನಾವಣೆಗಳ ಕ್ಷೇತ್ರವಾರು ಫಲಿತಾಂಶ ಅಂದರೆ ಹೇಗಿರುತ್ತೆ ಅಂತ ನಮಗೆಲ್ಲ ಗೊತ್ತು. ಎಡಗಡೆ ಕ್ಷೇತ್ರದ ಹೆಸರು, ಅದರ ಮುಂದೆ ಗೆದ್ದವರ ಹೆಸರು, ಪಕ್ಕದಲ್ಲಿ ಸೋತವರು, ಕೊನೆಗೆ ಅಂತರ. 1909ರ ಏಪ್ರಿಲ್ 30ರಂದು ಟಾಸ್ಮೇನಿಯಾದಲ್ಲಿ ನಡೆದ ರಾಜ್ಯ ಚುನಾವಣೆಯ ಪಟ್ಟಿ ಹಾಗಿಲ್ಲ. ಇಡೀ ರಾಜ್ಯಕ್ಕೆ ಇರೋದು ಐದೇ ಐದು ಕ್ಷೇತ್ರ. ಬಾಸ್, ಡಾರ್ವಿನ್, ಡೆನಿಸನ್, ಫ್ರಾಂಕ್ಲಿನ್, ವಿಲ್ಮಟ್. ಒಂದೊಂದು ಕ್ಷೇತ್ರದಲ್ಲೂ ಗೆದ್ದವರು ಆರು ಜನ, ಅದೂ ಬೇರೆ ಬೇರೆ ಪಕ್ಷದವರು. ಅಂತರ ಅನ್ನೋ ಕಾಲಮ್ಮಿಗೆ ಇಲ್ಲಿ ಅರ್ಥವೇ ಇಲ್ಲ.

ಆಸ್ಟ್ರೇಲಿಯಾದ ದಕ್ಷಿಣಕ್ಕೆ, ಸಮುದ್ರದ ಆಚೆ ಇರುವ ಈ ಪುಟ್ಟ ದ್ವೀಪ ರಾಜ್ಯ ಅವತ್ತು ಶುರು ಮಾಡಿದ ಪದ್ಧತಿಯನ್ನೇ ಇವತ್ತಿಗೂ ಬಳಸುತ್ತಿದೆ. ನೂರಕ್ಕೂ ಹೆಚ್ಚು ವರ್ಷದಲ್ಲಿ ಅಲ್ಲಿನವರು ಪದ್ಧತಿಯ ಬುಡಕ್ಕೆ ಕೈ ಹಾಕಿದ್ದು ಕಮ್ಮಿ. ಜಗಳ ಎಲ್ಲ ನಡೆದದ್ದು ಒಂದು ಅಂಕಿಯ ಮೇಲೆ. ಒಂದು ಕ್ಷೇತ್ರಕ್ಕೆ ಎಷ್ಟು ಶಾಸಕರು? ಆರಾ, ಏಳಾ, ಐದಾ? ನೋಡೋಕೆ ಸಣ್ಣ ವಿಷಯ. ಆದರೆ ಸರ್ಕಾರ ಯಾರದ್ದು ಅಂತ ಎಷ್ಟೋ ಸಲ ತೀರ್ಮಾನ ಮಾಡಿದ್ದು ಈ ಅಂಕಿಯೇ.

ಇದರ ಬೇರು ಟಾಸ್ಮೇನಿಯಾಗಿಂತ ಮೊದಲು ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಅಡಿಲೇಡಿನಲ್ಲಿದೆ. 1840ರಲ್ಲಿ ಅಡಿಲೇಡ್ ನಗರಸಭೆಗೆ ಮೊದಲ ಚುನಾವಣೆ ನಡೆದಾಗ ಒಂದು ವಿಚಿತ್ರ ಅವಕಾಶ ಇಟ್ಟಿದ್ದರು. ನಿಗದಿ ಮಾಡಿದಷ್ಟು ಮತದಾರರು ತಾವೇ ಗುಂಪು ಕಟ್ಟಿಕೊಂಡು ಒಬ್ಬರನ್ನು ಒಮ್ಮತದಿಂದ ಆರಿಸಿ ಕಳಿಸಬಹುದಿತ್ತು. ಈ ಯೋಚನೆಯ ಹಿಂದೆ ಇದ್ದವರು ರೋಲಂಡ್ ಹಿಲ್, ಅದೇ ಬ್ರಿಟನ್ನಿನಲ್ಲಿ ಒಂದು ಪೆನ್ನಿ ಅಂಚೆ ತಂದ ಮನುಷ್ಯ. ಆಮೇಲೆ 1850ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ವಕೀಲ ಥಾಮಸ್ ಹೇರ್ ಇಂಥದ್ದೇ ಯೋಚನೆಯನ್ನು ದೊಡ್ಡದಾಗಿ ಬರೆದರು. ಅಡಿಲೇಡಿನ ಕ್ಯಾಥರೀನ್ ಹೆಲೆನ್ ಸ್ಪೆನ್ಸ್ ಅದನ್ನು ಹಿಡಿದುಕೊಂಡು ಜೀವಮಾನವಿಡೀ ಊರೂರು ಸುತ್ತಿ ಭಾಷಣ ಮಾಡಿದರು. 1897ರಲ್ಲಿ, ಆಸ್ಟ್ರೇಲಿಯಾದ ವಸಾಹತುಗಳೆಲ್ಲ ಸೇರಿ ಕಟ್ಟಲು ಹೊರಟಿದ್ದ ಒಕ್ಕೂಟದ ಸಂವಿಧಾನ ಸಭೆಗೆ ಸ್ಪರ್ಧೆಗೂ ಇಳಿದು, ಆಸ್ಟ್ರೇಲಿಯಾದ ಮೊದಲ ಮಹಿಳಾ ಅಭ್ಯರ್ಥಿ ಅನಿಸಿಕೊಂಡರು. ಗೆಲ್ಲಲಿಲ್ಲ. ಅವರ ಸ್ವಂತ ರಾಜ್ಯ ಅವರ ಮಾತು ಕೇಳಲೂ ಇಲ್ಲ.

ಕೇಳಿದ್ದು ಟಾಸ್ಮೇನಿಯಾ. ಅಲ್ಲಿ ಆಂಡ್ರ್ಯೂ ಇಂಗ್ಲಿಸ್ ಕ್ಲಾರ್ಕ್ ಅಂತ ಒಬ್ಬರಿದ್ದರು. ರಾಜಧಾನಿ ಹೋಬಾರ್ಟಿನಲ್ಲಿ 1848ರಲ್ಲಿ ಹುಟ್ಟಿದವರು, ಮೊದಲು ಎಂಜಿನಿಯರ್, ಆಮೇಲೆ ವಕೀಲ, ಆಮೇಲೆ ಅಟಾರ್ನಿ ಜನರಲ್. ಆಸ್ಟ್ರೇಲಿಯಾ ಸಂವಿಧಾನದ 1891ರ ಕರಡಿನಲ್ಲಿ ಅವರ ಕೈ ದೊಡ್ಡದು. ಹೇರ್ ಯೋಜನೆಯನ್ನು ಕಾಗದದಿಂದ ಮತಗಟ್ಟೆಗೆ ಇಳಿಸಿದ್ದು ಇವರೇ. 1896ರಲ್ಲಿ ಎಡ್ವರ್ಡ್ ಬ್ರಾಡನ್ ಸರ್ಕಾರದ ಕಾಲದಲ್ಲಿ ಕಾಯ್ದೆ ಬಂತು. ಈ ಬ್ರಾಡನ್ ಟಾಸ್ಮೇನಿಯಾಕ್ಕೆ ಬರೋದಕ್ಕೆ ಮುಂಚೆ ನಮ್ಮ ಔಧ್ ಸೀಮೆಯಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದವರು, ಅದು ಬೇರೆ ಕತೆ. ಕಾಯ್ದೆಯನ್ನು ಇಡೀ ರಾಜ್ಯಕ್ಕೆ ಒಟ್ಟಿಗೆ ತರೋ ಧೈರ್ಯ ಯಾರಿಗೂ ಇರಲಿಲ್ಲ. ಹೋಬಾರ್ಟಿಗೆ ಆರು ಸ್ಥಾನ, ಲಾನ್ಸೆಸ್ಟನ್ನಿಗೆ ನಾಲ್ಕು ಸ್ಥಾನ, ಇಷ್ಟಕ್ಕೆ ಮಾತ್ರ ಹೊಸ ಪದ್ಧತಿ, ಅದೂ ತಾತ್ಕಾಲಿಕ. 1897 ಮತ್ತು 1900ರ ಚುನಾವಣೆ ಹೀಗೆ ನಡೆದವು. 1901ರಲ್ಲಿ ಒಕ್ಕೂಟದ ಮೊದಲ ಸಂಸತ್ ಚುನಾವಣೆಗೂ ಟಾಸ್ಮೇನಿಯಾ ಇದನ್ನೇ ಬಳಸಿತು. ಆಮೇಲೆ ಕಾಯ್ದೆ ಬಿದ್ದುಹೋಯಿತು, 1906ರ ಹೊತ್ತಿಗೆ ರಾಜ್ಯದಲ್ಲಿ 35 ಏಕಸದಸ್ಯ ಕ್ಷೇತ್ರಗಳು. ಅಂದರೆ ನಮ್ಮ ಹಾಗೇ, ಒಂದು ಕ್ಷೇತ್ರಕ್ಕೆ ಒಬ್ಬ ಶಾಸಕ.

ಇಷ್ಟಕ್ಕೂ ಈ ಪದ್ಧತಿ ಏನು ಮಾಡುತ್ತೆ? ಒಂದು ಲೆಕ್ಕ ಹಾಕಿ ನೋಡೋಣ. ಒಂದು ಕ್ಷೇತ್ರದಲ್ಲಿ 7,000 ಸಿಂಧು ಮತ ಬಿದ್ದಿವೆ, ಆರು ಸ್ಥಾನ ಇವೆ ಅಂದುಕೊಳ್ಳಿ. ಸ್ಥಾನಕ್ಕೆ ಒಂದು ಸೇರಿಸಿ ಭಾಗಿಸಬೇಕು: 7,000 ಭಾಗಿಸು 7, ಅಂದರೆ 1,000. ಅದಕ್ಕೆ ಒಂದು ಸೇರಿಸಿದರೆ 1,001. ಇದೇ ಕೋಟಾ. ಯಾರು 1,001 ಮತ ಮುಟ್ಟುತ್ತಾರೋ ಅವರು ಗೆದ್ದಂತೆ. ಏಳು ಜನ 1,001 ಮುಟ್ಟೋಕೆ ಮತ ಸಾಲೋದಿಲ್ಲ, ಆರು ಜನಕ್ಕೆ ಮಾತ್ರ ಸಾಲುತ್ತೆ, ಅದಕ್ಕೇ ಆ ಅಂಕಿ. ಮತದಾರ ಒಬ್ಬರ ಮುಂದೆ ಗುರುತು ಹಾಕಿ ಎದ್ದು ಬರೋದಲ್ಲ, 1, 2, 3 ಅಂತ ಪ್ರಾಶಸ್ತ್ಯ ಬರೆಯಬೇಕು. ಜನಪ್ರಿಯ ಅಭ್ಯರ್ಥಿ ಒಬ್ಬರಿಗೆ 2,002 ಮತ ಬಂತು ಅನ್ನಿ. ಅವರಿಗೆ ಬೇಕಾದದ್ದು ಅದರಲ್ಲಿ ಅರ್ಧ. ಮಿಕ್ಕ 1,001 ಹೆಚ್ಚುವರಿ. ಇದನ್ನು ಏನು ಮಾಡೋದು?

ಹೇರ್ ಯೋಜನೆಯ ತೊಡಕು ಇದ್ದದ್ದೇ ಇಲ್ಲಿ. ಹೆಚ್ಚುವರಿ ಮತಪತ್ರಗಳು ಯಾವುವು ಅಂತ ಆರಿಸೋದು ಒಂಥರಾ ಲಾಟರಿ, ಕಟ್ಟಿನ ಯಾವ ಭಾಗ ಕೈಗೆ ಬಂತೋ ಅದರ ಮೇಲೆ ಮುಂದಿನವನ ಹಣೆಬರಹ. ಕ್ಲಾರ್ಕ್ ಹಿಡಿದ ದಾರಿಯಲ್ಲಿ 2,002 ಮತಪತ್ರಗಳನ್ನೂ ಎರಡನೇ ಪ್ರಾಶಸ್ತ್ಯದ ಪ್ರಕಾರ ಹಂಚುತ್ತಾರೆ, ಆದರೆ ಒಂದೊಂದರ ಬೆಲೆ ಅರ್ಧ ಮತ. ಅದೃಷ್ಟಕ್ಕೆ ಜಾಗ ಇಲ್ಲ. ಎಲ್ಲರ ಹೆಚ್ಚುವರಿ ಹಂಚಿದ ಮೇಲೂ ಸ್ಥಾನ ತುಂಬದಿದ್ದರೆ ಕೊನೆಯಲ್ಲಿರೋ ಅಭ್ಯರ್ಥಿಯನ್ನು ಕೈಬಿಟ್ಟು, ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯಕ್ಕೆ ಕಳಿಸುತ್ತಾರೆ. ಎಣಿಕೆ ನಿಧಾನ, ಆದರೆ ವ್ಯರ್ಥವಾಗೋ ಮತ ಬಹಳ ಕಮ್ಮಿ.

ಇದೇನು ದೂರದ ಸಂಗತಿ ಅನ್ನಬೇಡಿ. ವಿಧಾನಸೌಧದಲ್ಲಿ ರಾಜ್ಯಸಭೆ ಚುನಾವಣೆ ಬಂದಾಗಲೆಲ್ಲ ಟಿವಿಯವರು ಹೇಳೋ ಲೆಕ್ಕ ಇದೇ ಕುಟುಂಬದ್ದು. ನಾಲ್ಕು ಸ್ಥಾನ ಇದ್ದರೆ 224 ಶಾಸಕರನ್ನು ಐದರಿಂದ ಭಾಗಿಸಿ, ಒಬ್ಬರು ಗೆಲ್ಲೋಕೆ ಸುಮಾರು 45 ಮತ ಬೇಕು ಅಂತಾರಲ್ಲ, ಅದೇ ಕೋಟಾ. ವ್ಯತ್ಯಾಸ ಅಂದರೆ ನಮ್ಮಲ್ಲಿ ರಾಜ್ಯಸಭೆಗೆ ಮತ ಹಾಕೋರು ಶಾಸಕರು, ಟಾಸ್ಮೇನಿಯಾದಲ್ಲಿ ಸೇಬು ತೋಟದ ಕೂಲಿಯವನಿಂದ ಹಿಡಿದು ಗಣಿ ಕಾರ್ಮಿಕನ ತನಕ ಎಲ್ಲರೂ.

ಮತ್ತೆ 1907ಕ್ಕೆ ಬರೋಣ. ಆ ವರ್ಷ ಹೊಸ ಚುನಾವಣಾ ಕಾಯ್ದೆ ಬಂತು, ಪದ್ಧತಿ ಈ ಸಲ ಇಡೀ ರಾಜ್ಯಕ್ಕೆ. ಕ್ಲಾರ್ಕ್ ಅದೇ ವರ್ಷ ನವೆಂಬರಿನಲ್ಲಿ ತೀರಿಕೊಂಡರು, ತಮ್ಮ ಪದ್ಧತಿಯಲ್ಲಿ ಇಡೀ ರಾಜ್ಯ ಮತ ಹಾಕಿದ್ದನ್ನು ನೋಡಲಿಲ್ಲ. ಸದನದ ಗಾತ್ರ 30ಕ್ಕೆ ಇಳಿಯಿತು. ಕ್ಷೇತ್ರ ಐದೇ ಯಾಕೆ ಅಂದರೆ ಉತ್ತರ ಆಸ್ಟ್ರೇಲಿಯಾ ಸಂವಿಧಾನದಲ್ಲಿದೆ. ಒಕ್ಕೂಟ ಸೇರಿದ ಮೂಲ ರಾಜ್ಯ ಎಷ್ಟೇ ಚಿಕ್ಕದಿರಲಿ, ಸಂಸತ್ತಿನ ಕೆಳಮನೆಯಲ್ಲಿ ಕನಿಷ್ಠ ಐದು ಸ್ಥಾನ ಖಾತ್ರಿ. ಹಾಗಾಗಿ ಟಾಸ್ಮೇನಿಯಾದಲ್ಲಿ ಐದು ಸಂಸತ್ ಕ್ಷೇತ್ರಗಳಿದ್ದವು. ರಾಜ್ಯದವರು ಅದೇ ಗಡಿಗಳನ್ನು ಎತ್ತಿಕೊಂಡು, ಒಂದೊಂದಕ್ಕೆ ಆರು ಶಾಸಕರು ಅಂದರು. ನನ್ನ ಪ್ರಕಾರ ಇದು ಬಹಳ ಜಾಣ ಕೆಲಸ. ಗಡಿ ಬದಲಿಸಿ ಎದುರಾಳಿಯನ್ನು ಮುಗಿಸೋ ಆಟಕ್ಕೆ ರಾಜ್ಯದ ರಾಜಕಾರಣಿಗಳಿಗೆ ಅವಕಾಶವೇ ಉಳಿಯಲಿಲ್ಲ. ಅದಕ್ಕೇ ಏನೋ, ಮುಂದೆ ಅವರ ಕೈ ಅಂಕಿಯ ಕಡೆ ಹೋಯಿತು.

1909ರ ಫಲಿತಾಂಶ ಬಂದಾಗ 30ರಲ್ಲಿ ಲೇಬರ್ ಪಕ್ಷಕ್ಕೆ 12 ಸ್ಥಾನ. ಹಿಂದಿನ ಸಲ, 1906ರಲ್ಲಿ, 35ರಲ್ಲಿ ಅವರಿಗೆ ಸಿಕ್ಕಿದ್ದು 7. ಸದನ ಚಿಕ್ಕದಾಯಿತು, ಪಕ್ಷ ದೊಡ್ಡದಾಯಿತು. ಅದಕ್ಕಿಂತ ಮುಖ್ಯ ಅನಿಸೋದು ಇದು: ಐದೂ ಕ್ಷೇತ್ರಗಳಲ್ಲಿ ಲೇಬರಿನವರು ಗೆದ್ದರು, ಐದರಲ್ಲೂ ಅವರ ವಿರೋಧಿಗಳೂ ಗೆದ್ದರು. ಯಾವ ಮೂಲೆಯ ಲೇಬರ್ ಮತದಾರನಿಗೂ ತನ್ನವನು ಅಂತ ಹೇಳಿಕೊಳ್ಳೋಕೆ ಒಬ್ಬ ಶಾಸಕ ಇದ್ದ. ಏಕಸದಸ್ಯ ಕ್ಷೇತ್ರದಲ್ಲಿ ಇದು ಆಗೋ ಮಾತಲ್ಲ, ಅಲ್ವಾ?

ಆ ಪಟ್ಟಿಯಲ್ಲಿ ವಿಲ್ಮಟ್ ಕ್ಷೇತ್ರದ ಆರು ಜನರಲ್ಲಿ ಒಬ್ಬರು ಜೋಸೆಫ್ ಲಯನ್ಸ್. ಶಾಲಾ ಮೇಷ್ಟ್ರಾಗಿದ್ದವರು, ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ. ಮುಂದೆ ರಾಜ್ಯದ ಪ್ರೀಮಿಯರ್, ಅಂದರೆ ಮುಖ್ಯಮಂತ್ರಿ, ಆದರು. ಆಮೇಲೆ ಪಕ್ಷ ಬಿಟ್ಟು 1932ರಿಂದ 1939ರವರೆಗೆ ಆಸ್ಟ್ರೇಲಿಯಾದ ಪ್ರಧಾನಿಯಾದರು. ಅವರ ಹೆಂಡತಿ ಎನಿಡ್ ಲಯನ್ಸ್ 1943ರಲ್ಲಿ ಅದೇ ಟಾಸ್ಮೇನಿಯಾದ ಡಾರ್ವಿನ್ ಕ್ಷೇತ್ರದಿಂದ ಗೆದ್ದು ಸಂಸತ್ತಿನ ಕೆಳಮನೆಗೆ ಹೋದ ಮೊದಲ ಮಹಿಳೆ. ಟಾಸ್ಮೇನಿಯಾದ ಹೆಂಗಸರಿಗೆ ರಾಜ್ಯದ ಚುನಾವಣೆಯಲ್ಲಿ ಮತ ಹಾಕೋ ಹಕ್ಕು 1903ರಲ್ಲೇ ಸಿಕ್ಕಿತ್ತು, ಆದರೆ ಸ್ಪರ್ಧೆಗೆ ನಿಲ್ಲೋ ಹಕ್ಕಿಗೆ 1921ರವರೆಗೆ ಕಾಯಬೇಕಾಯಿತು. ಹಾಗಾಗಿ 1909ರ ಮೂವತ್ತೂ ಹೆಸರು ಗಂಡಸರದ್ದೇ.

ಫ್ರಾಂಕ್ಲಿನ್ ಕ್ಷೇತ್ರದ ಆರು ಜನರಲ್ಲಿ ಜಾನ್ ಅರ್ಲ್ ಇದ್ದರು. ಕಮ್ಮಾರಿಕೆ ಕಲಿತು, ಗಣಿಯಲ್ಲಿ ದುಡಿದು, ಸಂಘ ಕಟ್ಟಿ ಬಂದ ಮನುಷ್ಯ, ಲೇಬರಿನ ನಾಯಕ. ಅದೇ ವರ್ಷ ಅಕ್ಟೋಬರಿನಲ್ಲಿ ಲೇಬರ್ ವಿರೋಧಿಗಳ ಒಳಜಗಳದಿಂದ ಆಗಿನ ಪ್ರೀಮಿಯರ್ ಎಲಿಯಟ್ ಲೂಯಿಸ್ ಸರ್ಕಾರ ಬಿತ್ತು, ಅರ್ಲ್ ಪ್ರೀಮಿಯರ್ ಆದರು. ಟಾಸ್ಮೇನಿಯಾದ ಮೊದಲ ಲೇಬರ್ ಸರ್ಕಾರ. ಅಕ್ಟೋಬರ್ 20ಕ್ಕೆ ಬಂತು, 27ಕ್ಕೆ ಹೋಯಿತು. ಜಗಳ ಮಾಡಿಕೊಂಡಿದ್ದವರು ಮತ್ತೆ ಒಂದಾದರು, ಲೂಯಿಸ್ ವಾಪಸ್ ಬಂದರು. ಅರ್ಲ್‌ಗೆ ನಿಜವಾದ ಅವಕಾಶ ಸಿಕ್ಕಿದ್ದು 1914ರಲ್ಲಿ. ಆಗ ಅವರ ಖಜಾನೆ ನೋಡಿಕೊಂಡದ್ದು ವಿಲ್ಮಟ್ಟಿನ ಮೇಷ್ಟ್ರು ಲಯನ್ಸ್.

ಈ ತೂಗುಯ್ಯಾಲೆ ಸುಮ್ನೆ ಬಂದದ್ದಲ್ಲ. ಒಂದು ಕ್ಷೇತ್ರದಲ್ಲಿ ಆರು ಸ್ಥಾನ ಅಂದರೆ ಸಮಸಂಖ್ಯೆ. ಒಂದು ಪಕ್ಷಕ್ಕೆ ಶೇ 52, ಇನ್ನೊಂದಕ್ಕೆ ಶೇ 48 ಬಂದರೂ ಮೂರು-ಮೂರು. ನಾಲ್ಕನೆಯದು ಗೆಲ್ಲೋಕೆ ಏಳರಲ್ಲಿ ನಾಲ್ಕು ಪಾಲು, ಅಂದರೆ ಶೇ 57 ಬೇಕು. 1912ರಲ್ಲಿ 16-14, 1913ರಲ್ಲೂ 16-14. ದಶಕಗಳ ಕಾಲ ಹೀಗೆ ಒಂದೆರಡು ಸ್ಥಾನದ ಮೇಲೆ ಸರ್ಕಾರಗಳು ಉಸಿರಾಡಿದವು. 1955ರಲ್ಲಿ ಆಗಬಾರದ್ದೇ ಆಯಿತು, ಲೇಬರ್ 15, ಲಿಬರಲ್ 15. ಸ್ಪೀಕರ್ ಆಗಿ ತಮ್ಮವರೊಬ್ಬರನ್ನು ಕೂರಿಸಿದ ಪಕ್ಷಕ್ಕೆ ಸದನದಲ್ಲಿ ಒಂದು ಮತ ಕಮ್ಮಿ! ಒಬ್ಬ ಲೇಬರ್ ಶಾಸಕ ಪಕ್ಷಾಂತರ ಮಾಡಿದ್ದರಿಂದ 1956ರಲ್ಲಿ ಮತ್ತೆ ಚುನಾವಣೆಗೆ ಹೋದರು. ಮತ್ತೆ 15-15.

ಆಗ ಅಂಕಿ ಬದಲಾಯಿತು. 1959ರಿಂದ ಒಂದು ಕ್ಷೇತ್ರಕ್ಕೆ ಏಳು, ಒಟ್ಟು 35. ಬೆಸಸಂಖ್ಯೆ ಆದದ್ದರಿಂದ ಎರಡೂ ಕಡೆ ಸಮ ಆಗಿ ಸಿಕ್ಕಿಬೀಳೋ ಭಯ ಹೋಯಿತು. ಆದರೆ ಕೋಟಾ ಏಳರಲ್ಲಿ ಒಂದು ಪಾಲಿನಿಂದ ಎಂಟರಲ್ಲಿ ಒಂದು ಪಾಲಿಗೆ, ಶೇ 12.5ಕ್ಕೆ ಇಳಿಯಿತು. ದೊಡ್ಡ ಪಕ್ಷಗಳು ತಮ್ಮ ತಲೆನೋವಿಗೆ ಮದ್ದು ತಂದುಕೊಂಡವು, ಸಣ್ಣವರಿಗೆ ಬಾಗಿಲು ತೆರೆದದ್ದನ್ನು ಗಮನಿಸಿದಂತೆ ಕಾಣೋದಿಲ್ಲ.

ಬಾಗಿಲಿನಿಂದ ಒಳಗೆ ಬಂದವರು ಪರಿಸರವಾದಿಗಳು. ಪೆಡ್ಡರ್ ಸರೋವರ ಮುಳುಗಿಸೋ ಅಣೆಕಟ್ಟಿನ ವಿರುದ್ಧ ಎದ್ದ ಗುಂಪು 1972ರಲ್ಲಿ ಸ್ಪರ್ಧಿಸಿತು, ಒಂದೂ ಗೆಲ್ಲಲಿಲ್ಲ. ಆಮೇಲೆ ಡೆನಿಸನ್ ಕ್ಷೇತ್ರದಲ್ಲಿ ಒಂದು ತಿರುವು. ಅಲ್ಲಿನ 1979ರ ಫಲಿತಾಂಶವನ್ನು ಅಭ್ಯರ್ಥಿಗಳು ಖರ್ಚಿನ ಮಿತಿ ಮೀರಿದ್ದಕ್ಕೆ ಕೋರ್ಟು ರದ್ದು ಮಾಡಿತು. (ಖರ್ಚಿನ ಮಿತಿ ಮೀರಿದ್ದಕ್ಕೆ ಚುನಾವಣೆಯೇ ರದ್ದು. ಓದಿ ನಮಗೆ ಹೊಟ್ಟೆಕಿಚ್ಚಾಗಬೇಕು.) 1980ರಲ್ಲಿ ಏಳೂ ಸ್ಥಾನಕ್ಕೆ ಮರುಚುನಾವಣೆ ನಡೆದಾಗ ಪರಿಸರವಾದಿ ನಾರ್ಮ್ ಸ್ಯಾಂಡರ್ಸ್ ಗೆದ್ದರು. ಮತಪತ್ರದಲ್ಲಿ ಹೆಸರುಗಳ ಕ್ರಮವನ್ನು ಪ್ರತಿಗೊಂದು ಥರ ಬದಲಿಸಿ ಮುದ್ರಿಸೋ ರಾಬ್ಸನ್ ಪದ್ಧತಿ ಮೊದಲು ಬಳಕೆಗೆ ಬಂದದ್ದೂ ಆಗಲೇ. ಹೆಸರು ಮೇಲಿದೆ ಅಂತ ಬೀಳೋ ಪುಗಸಟ್ಟೆ ಮತ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತೆ. ಸ್ಯಾಂಡರ್ಸ್ ರಾಜೀನಾಮೆ ಕೊಟ್ಟಾಗ ಟಾಸ್ಮೇನಿಯಾದ ನಿಯಮದಂತೆ ಉಪಚುನಾವಣೆ ನಡೆಯಲಿಲ್ಲ. ಅವರನ್ನು ಗೆಲ್ಲಿಸಿದ್ದ ಮತಪತ್ರಗಳನ್ನೇ ಮತ್ತೆ ಎಣಿಸಿದರು. 1983ರ ಜನವರಿಯಲ್ಲಿ ಹಾಗೆ ಸದನಕ್ಕೆ ಬಂದವರೇ ಬಾಬ್ ಬ್ರೌನ್, ಮುಂದೆ ಆಸ್ಟ್ರೇಲಿಯಾದ ಪರಿಸರವಾದಿ ಪಕ್ಷ ಗ್ರೀನ್ಸ್‌ನ ನಾಯಕ. 1989ರಲ್ಲಿ ಅವರ ಕಡೆಯವರು ಐದು ಜನ ಗೆದ್ದರು. ಲಿಬರಲ್ 17, ಲೇಬರ್ 13, ಯಾರಿಗೂ ಬಹುಮತ ಇಲ್ಲ.

1998ರಲ್ಲಿ ಲಿಬರಲ್ ಮತ್ತು ಲೇಬರ್ ಕೈಜೋಡಿಸಿ ಸದನವನ್ನು 25ಕ್ಕೆ ಇಳಿಸಿದವು, ಒಂದು ಕ್ಷೇತ್ರಕ್ಕೆ ಐದು. ಖರ್ಚು ಉಳಿಸೋದು ಅಂತ ಹೇಳಿದರು, ಇರಬಹುದು. ಕೋಟಾ ಶೇ 12.5ರಿಂದ ಶೇ 16.7ಕ್ಕೆ ಏರಿತು. ಆ ವರ್ಷದ ಚುನಾವಣೆಯಲ್ಲಿ ಗ್ರೀನ್ಸ್ ಮತ ಕುಸಿದದ್ದು ಶೇ 1ರಷ್ಟು, ಸ್ಥಾನ ಮಾತ್ರ ನಾಲ್ಕರಿಂದ ಒಂದಕ್ಕೆ. ಲೇಬರ್ 14 ಗೆದ್ದು ಆರಾಮಾಗಿ ಕೂತಿತು. ಆದರೆ 25 ಜನರ ಸದನದಲ್ಲಿ ಮಂತ್ರಿಗಳನ್ನೂ ಸ್ಪೀಕರನ್ನೂ ಕಳೆದರೆ ಆಡಳಿತ ಪಕ್ಷದ ಹಿಂದಿನ ಬೆಂಚಿನಲ್ಲಿ ಉಳಿಯೋರು ಎಷ್ಟು ಜನ? ಸಮಿತಿ ಕೆಲಸ ಯಾರು ಮಾಡಬೇಕು? ಈ ಗೊಣಗಾಟ ಇಪ್ಪತ್ತು ವರ್ಷ ನಡೆದು, 2022ರಲ್ಲಿ ಮತ್ತೆ 35 ಮಾಡೋ ಕಾಯ್ದೆ ಬಂತು.

ಈ ನಡುವೆ 1909ರ ಐದು ಹೆಸರುಗಳಲ್ಲಿ ಮೂರು ಹೋಗಿವೆ. ಡಾರ್ವಿನ್ ಈಗ ಬ್ರಾಡನ್. ವಿಲ್ಮಟ್ ಈಗ ಲಯನ್ಸ್, ಗಂಡ ಹೆಂಡತಿ ಇಬ್ಬರ ನೆನಪಿಗೂ. ಡೆನಿಸನ್ ಈಗ ಕ್ಲಾರ್ಕ್. ಬಾಸ್ ಮತ್ತು ಫ್ರಾಂಕ್ಲಿನ್ ಹಾಗೇ ಇವೆ.

ಏಳು ಸ್ಥಾನದ ಲೆಕ್ಕಕ್ಕೆ ಮರಳಿದ ಮೇಲಿನ ಮೊದಲ ಚುನಾವಣೆ 2024ರ ಮಾರ್ಚಿನಲ್ಲಿ ನಡೆಯಿತು. ಲಿಬರಲ್ 14, ಲೇಬರ್ 10, ಗ್ರೀನ್ಸ್ 5, ಮಿಕ್ಕವು ಸಣ್ಣ ಪಕ್ಷ ಮತ್ತು ಪಕ್ಷೇತರರಿಗೆ. ಬಹುಮತಕ್ಕೆ 18 ಬೇಕಿತ್ತು. ಲಿಬರಲ್ಲಿನ ಜೆರೆಮಿ ರಾಕ್ಲಿಫ್ ಹೊರಗಿನವರ ಬೆಂಬಲದಲ್ಲಿ ಸರ್ಕಾರ ನಡೆಸಿದರು, 2025ರ ಜೂನಿನಲ್ಲಿ ಅವಿಶ್ವಾಸ ನಿರ್ಣಯದಲ್ಲಿ ಸೋತರು, ಜುಲೈನಲ್ಲಿ ಜನ ಮತ್ತೆ ಮತಗಟ್ಟೆಗೆ ಹೋದರು. ಫಲಿತಾಂಶ: ಲಿಬರಲ್ 14, ಲೇಬರ್ 10, ಗ್ರೀನ್ಸ್ 5.